ಮುಕ್ತ ತಂತ್ರಾಂಶ ಮತ್ತು ಅದರ ಕೈಪಿಡಿ: ನಮ್‌ಪೈ ಸಂಕೇತಭಂಡಾರವನ್ನು ಕುರಿತು ಒಂದು ಅವಲೋಕನ

ತಂತ್ರಾಂಶ ಎಂದೊಡನೆ ಸಾಮಾನ್ಯ ಓದುಗನ ಮನಸ್ಸಿಗೆ ಬರುವುದು ಗಣಕದ ಪರದೆಯ ಮೇಲೆ ಕಾಣಿಸಿಕೊಂಡು, ಗುಂಡಿ ಒತ್ತಿದರೆ ಹೇಳಿದ ಕೆಲಸ ಮಾಡುವ ಒಂದು ಸಿದ್ಧ ಸಾಧನ. ಅಂಥ ಸಾಧನಗಳ ಒಡಲೊಳಗೆ ಬಳಕೆದಾರನ ಕಣ್ಣಿಗೆ ಎಂದೂ ಬೀಳದ ಇನ್ನೊಂದು ಬಗೆಯ ತಂತ್ರಾಂಶವಿರುತ್ತದೆ. ಅದು ಸ್ವತಂತ್ರವಾಗಿ ಕೆಲಸ ಮಾಡುವುದಿಲ್ಲ. ಬೇರೊಬ್ಬ ಪ್ರೋಗ್ರಾಮರ್ ತನ್ನ ಕಾರ್ಯಕ್ರಮದಲ್ಲಿ ಅದನ್ನು ಕರೆದು ಬಳಸಿಕೊಳ್ಳಬೇಕು. ಇದನ್ನು ‘ಲೈಬ್ರರಿ’ ಎಂದು ಕರೆಯುವುದು ವಾಡಿಕೆ. ಗ್ರಂಥಾಲಯ ಎಂಬ ಅರ್ಥದ ಗೊಂದಲ ಬೇಡವೆನ್ನುವುದಾದರೆ ‘ಸಂಕೇತಭಂಡಾರ’ ಎನ್ನಬಹುದು. ಇಂಥ ಭಂಡಾರದ ಬಳಕೆದಾರನೂ ಪ್ರೋಗ್ರಾಮರನೇ ಆದ್ದರಿಂದ ಅವನಿಗೆ ಕಾಣುವ ಗುಂಡಿಗಳಾಗಲಿ ಚಿತ್ರಗಳಾಗಲಿ ಇಲ್ಲಿಲ್ಲ. ಅವನ ಕೈಗೆ ಸಿಗುವುದು ಕೆಲವು ಹೆಸರುಗಳು ಮತ್ತು ಆ ಹೆಸರುಗಳು ಏನು ಮಾಡುತ್ತವೆ ಎಂಬುದನ್ನು ಹೇಳುವ ಬರಹ. ಆ ಬರಹವೇ ಕೈಪಿಡಿ. ಭಂಡಾರದ ಮಟ್ಟಿಗೆ ಕೈಪಿಡಿ ಎಂಬುದು ಹೊರಗಿನಿಂದ ಅಂಟಿಸಿದ ಚೀಟಿಯಲ್ಲ, ಬಾಗಿಲೇ ಅದು.

ಮುಕ್ತ ತಂತ್ರಾಂಶದಲ್ಲಿ ಆಕರ ಸಂಕೇತ ಎಲ್ಲರಿಗೂ ತೆರೆದಿರುವುದರಿಂದ ಕೈಪಿಡಿಯ ಅಗತ್ಯ ಅಷ್ಟಾಗಿ ಇಲ್ಲವೆಂಬ ವಾದವೊಂದು ಹಿಂದಿನಿಂದಲೂ ಇದೆ. ‘ಸಂಕೇತವನ್ನೇ ಓದಿಕೊಳ್ಳಿ’ ಎಂಬುದು ಆ ವಾದದ ಸಾರ. ಮನೆಯ ನಕ್ಷೆ ಇದ್ದವನಿಗೆ ಅಡುಗೆಮನೆಯ ದಾರಿ ಕೇಳುವ ಹಕ್ಕಿಲ್ಲ ಎಂದಂತೆ ಇದು. ಸಂಕೇತವು ಏನು ನಡೆಯುತ್ತದೆ ಎಂಬುದನ್ನು ಹೇಳಬಲ್ಲದೇ ಹೊರತು ಏನು ನಡೆಯಬೇಕೆಂದು ಉದ್ದೇಶಿಸಲಾಗಿತ್ತು ಎಂಬುದನ್ನು ಹೇಳಲಾರದು. ಗಿಟ್‌ಹಬ್ ಸಂಸ್ಥೆಯು 2017ರಲ್ಲಿ ಮುಕ್ತ ತಂತ್ರಾಂಶದ ಬಳಕೆದಾರರನ್ನೂ ನಿರ್ಮಾತೃಗಳನ್ನೂ ಒಳಗೊಂಡು ನಡೆಸಿದ ಸಮೀಕ್ಷೆಯಲ್ಲಿ ಅಪೂರ್ಣವಾದ ಅಥವಾ ಹಳತಾದ ಕೈಪಿಡಿಯ ತೊಂದರೆಯನ್ನು ಕಂಡಿರುವುದಾಗಿ ಶೇಕಡಾ 93ರಷ್ಟು ಮಂದಿ ತಿಳಿಸಿದರು. ಅದೇ ಸಮೀಕ್ಷೆಯಲ್ಲಿ, ಸಂಕೇತ ಬರೆದುಕೊಡುವವರ ಪೈಕಿ ಶೇಕಡಾ 60ರಷ್ಟು ಮಂದಿ ಕೈಪಿಡಿಗಾಗಿ ತಾವು ಬರೆಯುವುದು ಅಪರೂಪ ಅಥವಾ ಬರೆಯುವುದೇ ಇಲ್ಲ ಎಂದು ಒಪ್ಪಿಕೊಂಡರು. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸಮಸ್ಯೆಯ ಸ್ವರೂಪ ಸ್ಪಷ್ಟವಾಗುತ್ತದೆ.

ಇಲ್ಲಿ ‘ಅಪೂರ್ಣ’ ಮತ್ತು ‘ಹಳತು’ ಎಂಬ ಎರಡು ದೋಷಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯಕ. ಬರೆಯದೆ ಬಿಟ್ಟ ಪುಟ ಓದುಗನನ್ನು ಬರಿಗೈಯಲ್ಲಿ ಕಳುಹಿಸುತ್ತದೆ. ಹಳತಾದ ಪುಟ ಅವನನ್ನು ತಪ್ಪು ದಾರಿಗೆ ಹಚ್ಚುತ್ತದೆ. ಪಹಣಿಯಲ್ಲಿ ತಾತನ ಹೆಸರೇ ಮುಂದುವರಿದು, ನೆಲದ ಮೇಲೆ ಮೂರನೆಯವನು ಉಳುತ್ತಿರುವ ಪ್ರಸಂಗ ನಮ್ಮ ಹಳ್ಳಿಗಳಲ್ಲಿ ಹೊಸತೇನಲ್ಲ. ಪಹಣಿಯೇ ಇಲ್ಲದಿದ್ದರೆ ಜನ ನೆಲಕ್ಕೆ ಹೋಗಿ ವಿಚಾರಿಸುತ್ತಾರೆ. ಪಹಣಿ ಇದೆ ಎಂಬ ಕಾರಣಕ್ಕೇ ವಿಚಾರಿಸದೆ ಕ್ರಯಪತ್ರ ಬರೆಸಿಕೊಂಡು ಕೋರ್ಟು ಹತ್ತುತ್ತಾರೆ. ಹಳತಾದ ಕೈಪಿಡಿಯ ಅಪಾಯವೂ ಇದೇ ಜಾತಿಯದು. ಈ ಅಪಾಯವನ್ನು ಒಂದು ನಿಜವಾದ ಭಂಡಾರದ ಚರಿತ್ರೆಯ ಮೂಲಕ ಪರಿಶೀಲಿಸುವುದು ಉಚಿತವೆನಿಸುತ್ತದೆ. ಆ ಉದ್ದೇಶಕ್ಕಾಗಿ ಇಲ್ಲಿ ಪೈಥಾನ್ ಭಾಷೆಯ ‘ನಮ್‌ಪೈ’ಯನ್ನು ಆರಿಸಿಕೊಳ್ಳಲಾಗಿದೆ.

ನಮ್‌ಪೈ: ಹುಟ್ಟು ಮತ್ತು ಕೈಪಿಡಿಯ ಕೊರತೆ

ದೊಡ್ಡ ಸಂಖ್ಯಾಸಮೂಹಗಳ ಮೇಲೆ ಒಂದೇ ಬಾರಿಗೆ ಲೆಕ್ಕ ನಡೆಸಲು ಅನುಕೂಲ ಮಾಡಿಕೊಡುವುದು ನಮ್‌ಪೈಯ ಕೆಲಸ. ಪೈಥಾನ್ ಭಾಷೆಗೆ ಇಂಥ ಸೌಲಭ್ಯ ಮೊದಲು ದೊರೆತದ್ದು 1995ರಲ್ಲಿ ಜಿಮ್ ಹ್ಯೂಗುನಿನ್ ಆರಂಭಿಸಿದ ‘ನ್ಯೂಮೆರಿಕ್’ ಎಂಬ ಭಂಡಾರದಿಂದ. ತರುವಾಯ ಖಗೋಳವಿಜ್ಞಾನಿಗಳ ಅಗತ್ಯಕ್ಕೆ ತಕ್ಕಂತೆ ‘ನಮ್‌ಅರೇ’ ಎಂಬ ಇನ್ನೊಂದು ಭಂಡಾರ ಸಿದ್ಧವಾಯಿತು. ಎರಡು ಪಂಗಡಗಳಾಗಿ ಒಡೆದಿದ್ದ ಬಳಕೆದಾರರನ್ನು ಒಂದುಗೂಡಿಸುವ ಉದ್ದೇಶದಿಂದ ಟ್ರಾವಿಸ್ ಆಲಿಫಂಟ್ ಅವರು 2005ರಲ್ಲಿ ಕೈಹಾಕಿದ ಕೆಲಸ ನಮ್‌ಪೈಯಾಗಿ ರೂಪುಗೊಂಡು, 2006ರ ಅಕ್ಟೋಬರ್‌ನಲ್ಲಿ ಅದರ 1.0 ಆವೃತ್ತಿ ಹೊರಬಂದಿತು. ಇಂದು ಪೈಥಾನ್‌ನಲ್ಲಿ ನಡೆಯುವ ವೈಜ್ಞಾನಿಕ ಗಣನೆಯ ಬಹುಭಾಗ ಇದರ ಮೇಲೆಯೇ ನಿಂತಿದೆ. 2019ರ ಏಪ್ರಿಲ್‌ನಲ್ಲಿ ಪ್ರಕಟವಾದ ಕಪ್ಪುಕುಳಿಯ ಮೊದಲ ಚಿತ್ರದ ಹಿಂದಿನ ಲೆಕ್ಕಾಚಾರದಲ್ಲಿಯೂ ನಮ್‌ಪೈ ಬಳಕೆಯಾಗಿತ್ತು.

ಇಷ್ಟೊಂದು ಆಧಾರಭೂತವಾದ ಭಂಡಾರಕ್ಕೆ ಆರಂಭದ ಕೆಲವು ವರ್ಷ ಸರಿಯಾದ ಮುಕ್ತ ಕೈಪಿಡಿಯೇ ಇರಲಿಲ್ಲವೆಂಬುದು ವಿಚಿತ್ರವಾದರೂ ಸತ್ಯ. ಆಲಿಫಂಟ್ ಅವರು ‘ಗೈಡ್ ಟು ನಮ್‌ಪೈ’ ಎಂಬ ಪುಸ್ತಕವನ್ನು ಬರೆದಿದ್ದರು. ಆದರೆ ಅದನ್ನು ಬೆಲೆಗೆ ಮಾರಲಾಗುತ್ತಿತ್ತು. ತಂತ್ರಾಂಶ ಮುಕ್ತ, ಕೈಪಿಡಿ ಮಾತ್ರ ಕೊಂಡುಕೊಳ್ಳಬೇಕಾದದ್ದು ಎಂಬ ಈ ವ್ಯವಸ್ಥೆಯನ್ನು ಟೀಕಿಸಿದವರಿದ್ದರು. ವರ್ಷಗಟ್ಟಲೆ ಸಂಬಳವಿಲ್ಲದ ದುಡಿಮೆಗೆ ಅಷ್ಟಾದರೂ ಪ್ರತಿಫಲ ಸಿಗಲೆಂದು ಸಮರ್ಥಿಸಿದವರೂ ಇದ್ದರು. ಎರಡನೆಯ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. 2008ರ ಆಗಸ್ಟ್‌ನಲ್ಲಿ ಆ ಪುಸ್ತಕವು ಸಾರ್ವಜನಿಕ ಸ್ವತ್ತಾಗಿ ಬಿಡುಗಡೆಯಾಯಿತು. ಇಂದಿನ ಕೈಪಿಡಿಯ ದೊಡ್ಡ ಭಾಗಗಳು ಅದರಿಂದಲೇ ಬಂದವು.

ಅದೇ ವರ್ಷದ ಬೇಸಿಗೆಯಲ್ಲಿ ಇನ್ನೊಂದು ಪ್ರಯತ್ನವೂ ನಡೆಯಿತು. ಅಮೆರಿಕದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ಖಗೋಳವಿಜ್ಞಾನಿ ಜೋಸೆಫ್ ಹ್ಯಾರಿಂಗ್‌ಟನ್ ಅವರು ತಮ್ಮ ದತ್ತಾಂಶ ವಿಶ್ಲೇಷಣೆಯ ತರಗತಿಯಲ್ಲಿ ಪೈಥಾನನ್ನು ಬಳಸಲು ಹೋದಾಗ ವಿದ್ಯಾರ್ಥಿಗಳು ಕೈಪಿಡಿಯ ಕೊರತೆಯಿಂದ ಕಂಗಾಲಾದರು. ಇದರಿಂದ ಪ್ರೇರಿತರಾದ ಅವರು ‘ಡಾಕ್ಯುಮೆಂಟೇಷನ್ ಮ್ಯಾರಥಾನ್’ ಎಂಬ ಸಾಮೂಹಿಕ ಬರವಣಿಗೆಯ ಕಾರ್ಯವನ್ನು ಆರಂಭಿಸಿ, ಅದರ ಸಂಯೋಜನೆಗಾಗಿ ಸ್ಟೆಫಾನ್ ವಾನ್ ಡೆರ್ ವಾಲ್ಟ್ ಅವರನ್ನು ನೇಮಿಸಿಕೊಂಡರು. ಪೌಲಿ ವಿರ್ತಾನೆನ್ ಮೊದಲಾದವರು ರಚಿಸಿದ ಒಂದು ಸಂಪಾದನಾ ವ್ಯವಸ್ಥೆಯ ಮೂಲಕ ಯಾರು ಬೇಕಾದರೂ ಒಂದೊಂದು ಫಂಕ್ಷನ್‌ನ ವಿವರಣೆಯನ್ನು ಬರೆಯಬಹುದಾಗಿತ್ತು. ಬರೆದದ್ದು ಪರಿಶೀಲನೆಯ ಹಂತಗಳನ್ನು ದಾಟಿದ ಮೇಲೆ ಮೂಲ ಸಂಕೇತಕ್ಕೆ ಸೇರುತ್ತಿತ್ತು. ಸಾವಿರ ಪದ ಬರೆದುಕೊಟ್ಟವರಿಗೆ ಒಂದು ಟೀ ಶರ್ಟು ಬಹುಮಾನ. ಬಹುಮಾನ ಚಿಕ್ಕದು, ಆದರೆ ಫಂಕ್ಷನ್ ಬರೆದವನಲ್ಲದವನು ಅದರ ವಿವರಣೆ ಬರೆಯುವಾಗ ಮೂಲ ಕರ್ತೃವಿಗೆ ಹೊಳೆಯದ ಪ್ರಶ್ನೆಗಳನ್ನು ಕೇಳುತ್ತಾನೆ ಎಂಬುದು ಈ ಕಾರ್ಯದಿಂದ ದೊರೆತ ದೊಡ್ಡ ಲಾಭ.

ಬರೆದು ಮುಗಿಸುವುದು ಒಂದು, ಬರೆದದ್ದನ್ನು ಸತ್ಯವಾಗಿ ಉಳಿಸಿಕೊಳ್ಳುವುದು ಇನ್ನೊಂದು. ಮ್ಯಾರಥಾನ್ ಒಂದು ದಿನ ಮುಗಿಯುತ್ತದೆ. ಭಂಡಾರವಾದರೋ ಸುಮಾರು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿಯಾಗಿ ಹೊರಬರುತ್ತಲೇ ಇರುತ್ತದೆ.

ಸಂಕೇತದ ಪಕ್ಕದಲ್ಲೇ ಬರಹ

ಕೈಪಿಡಿ ಹಳತಾಗದಂತೆ ತಡೆಯುವ ಮೊದಲ ಉಪಾಯವೆಂದರೆ ಅದನ್ನು ಸಂಕೇತದಿಂದ ದೂರವಿಡದಿರುವುದು. ಕಾರ್ಯಕ್ರಮ ಮತ್ತು ಅದರ ವಿವರಣೆ ಒಂದೇ ಹೆಣಿಗೆಯಾಗಿರಬೇಕೆಂಬ ವಿಚಾರವನ್ನು ಡೊನಾಲ್ಡ್ ನೂತ್ ಅವರು 1984ರಲ್ಲಿ ‘ಲಿಟರೇಟ್ ಪ್ರೋಗ್ರಾಮಿಂಗ್’ ಎಂಬ ಹೆಸರಿನಲ್ಲಿ ಮಂಡಿಸಿದ್ದರು. ಪೈಥಾನ್ ಅಷ್ಟು ದೂರ ಹೋಗದಿದ್ದರೂ ಪ್ರತಿಯೊಂದು ಫಂಕ್ಷನ್‌ನ ತಲೆಯ ಕೆಳಗೇ ಅದರ ವಿವರಣೆಯನ್ನು ಬರೆದಿಡಲು ಜಾಗ ಮಾಡಿಕೊಟ್ಟಿತು. ಇದನ್ನು ‘ಡಾಕ್‌ಸ್ಟ್ರಿಂಗ್’ ಎನ್ನುತ್ತಾರೆ. ನಮ್‌ಪೈ ಬಳಗವು ಇದಕ್ಕೊಂದು ಕಟ್ಟುನಿಟ್ಟಾದ ಕ್ರಮವನ್ನು ರೂಪಿಸಿತು: ಮೊದಲು ಒಂದೇ ಸಾಲಿನ ಸಾರಾಂಶ, ಬಳಿಕ ಒಳಬರುವ ಮೌಲ್ಯಗಳ ಹೆಸರು ಮತ್ತು ಬಗೆ, ಹಿಂತಿರುಗುವ ಮೌಲ್ಯ, ಸಂಬಂಧಪಟ್ಟ ಇತರ ಫಂಕ್ಷನ್‌ಗಳು, ಟಿಪ್ಪಣಿ, ಕೊನೆಗೆ ಉದಾಹರಣೆಗಳು. ಈ ಪಠ್ಯವನ್ನು ‘ಸ್ಫಿಂಕ್ಸ್’ ಎಂಬ ಸಾಧನ ಹೆಕ್ಕಿ ಪುಟಗಳನ್ನಾಗಿ ಜೋಡಿಸುತ್ತದೆ. ಸ್ಫಿಂಕ್ಸ್ ಹುಟ್ಟಿದ್ದೇ ಪೈಥಾನ್ ಭಾಷೆಯ ಕೈಪಿಡಿಗಾಗಿ. ಗೇಆರ್ಗ್ ಬ್ರಾಂಡಲ್ ಅವರು ಅದನ್ನು 2008ರಲ್ಲಿ ಬಿಡುಗಡೆ ಮಾಡಿದರು.

ಹೀಗೆ ಒಂದೇ ಕಡೆ ಇಟ್ಟದ್ದರಿಂದ ದೊರೆತ ನಿಜವಾದ ಪ್ರಯೋಜನ ಶಿಸ್ತಿಗೆ ಸಂಬಂಧಿಸಿದ್ದು. ಫಂಕ್ಷನ್‌ನ ನಡವಳಿಕೆಯನ್ನು ಬದಲಿಸುವವನು ಅದೇ ಪ್ರಸ್ತಾವದಲ್ಲಿ ವಿವರಣೆಯನ್ನೂ ಬದಲಿಸಿರಬೇಕು, ಬಳಕೆದಾರರಿಗೆ ತಿಳಿಯಬೇಕಾದ ಸಂಗತಿಯಾಗಿದ್ದರೆ ಬಿಡುಗಡೆಯ ಟಿಪ್ಪಣಿಗಾಗಿ ಒಂದು ಚಿಕ್ಕ ಕಡತವನ್ನೂ ಸೇರಿಸಬೇಕು ಎಂದು ಪರಿಶೀಲಕರು ಒತ್ತಾಯಿಸಬಲ್ಲರು. ಬದಲಾವಣೆಯ ಕಾರಣ ಅದನ್ನು ಮಾಡಿದವನ ತಲೆಯಲ್ಲಿ ಆ ವಾರ ಹಸಿಯಾಗಿರುತ್ತದೆ. ಆರು ತಿಂಗಳ ನಂತರ ಬೇರೊಬ್ಬರು ಬಂದು ಅದನ್ನು ಊಹಿಸಿ ಬರೆಯುವ ಪ್ರಮೇಯ ಬಂದರೆ ಅಲ್ಲಿಗೆ ಅರ್ಧ ಸತ್ಯ ಸೋರಿಹೋದಂತೆಯೇ.

ಎರಡನೆಯ ಉಪಾಯ ಇನ್ನೂ ಸ್ವಾರಸ್ಯಕರವಾದುದು. ಟಿಮ್ ಪೀಟರ್ಸ್ ಅವರು ರಚಿಸಿ, 2001ರಲ್ಲಿ ಪೈಥಾನ್ 2.1ರೊಂದಿಗೆ ಸೇರ್ಪಡೆಯಾದ ‘ಡಾಕ್‌ಟೆಸ್ಟ್’ ಎಂಬ ಘಟಕವು ವಿವರಣೆಯಲ್ಲಿರುವ ಉದಾಹರಣೆಗಳನ್ನು ಹುಡುಕಿ, ಅವುಗಳನ್ನು ನಿಜವಾಗಿಯೂ ನಡೆಸಿ, ಬಂದ ಉತ್ತರವು ಪುಟದಲ್ಲಿ ಅಚ್ಚಾಗಿರುವ ಉತ್ತರಕ್ಕೆ ಅಕ್ಷರಶಃ ಹೊಂದುತ್ತದೆಯೇ ಎಂದು ನೋಡುತ್ತದೆ. ಹೊಂದದಿದ್ದರೆ ದೂರು ಕೊಡುತ್ತದೆ. ಅಚ್ಚಾದ ಗಣಿತದ ಪುಸ್ತಕವೊಂದು ತನ್ನ ಲೆಕ್ಕಗಳನ್ನು ತಾನೇ ಪ್ರತಿದಿನ ಮಾಡಿ ನೋಡಿಕೊಂಡಂತೆ ಇದು.

ಆದರೆ ‘ಅಕ್ಷರಶಃ’ ಎಂಬ ಈ ಪದದಲ್ಲಿಯೇ ತೊಡಕೂ ಅಡಗಿದೆ. 2018ರ ಜನವರಿಯಲ್ಲಿ ಬಂದ ನಮ್‌ಪೈ 1.14ರಲ್ಲಿ ಸಂಖ್ಯಾಸಮೂಹಗಳನ್ನು ಪರದೆಯ ಮೇಲೆ ತೋರಿಸುವ ಬಗೆಯನ್ನು ಸುಧಾರಿಸಲಾಯಿತು. ಅದುವರೆಗೆ ದಶಮಾಂಶ ಸಂಖ್ಯೆಗಳ ಮುಂದೆ ಋಣಚಿಹ್ನೆಗೆಂದು ಸದಾ ಒಂದು ಖಾಲಿ ಜಾಗ ಬಿಡಲಾಗುತ್ತಿತ್ತು. ಋಣಸಂಖ್ಯೆಯೇ ಇಲ್ಲದಿದ್ದಾಗಲೂ ಆ ಜಾಗ ಇರುತ್ತಿತ್ತು. ಹೊಸ ಆವೃತ್ತಿ ಅದನ್ನು ತೆಗೆದುಹಾಕಿತು. ಓದುವವನ ಕಣ್ಣಿಗೆ ಇದು ಗೊತ್ತಾಗುವುದೂ ಕಷ್ಟ. ಡಾಕ್‌ಟೆಸ್ಟ್‌ಗೆ ಮಾತ್ರ ಅದು ತಪ್ಪು ಉತ್ತರ. ನಮ್‌ಪೈಯನ್ನು ಆಧರಿಸಿದ ಅದೆಷ್ಟೋ ಭಂಡಾರಗಳ ಕೈಪಿಡಿಯ ಪರೀಕ್ಷೆಗಳು ಒಂದು ಖಾಲಿ ಜಾಗದ ದೆಸೆಯಿಂದ ಒಮ್ಮೆಲೇ ವಿಫಲವಾಗುವ ಪರಿಸ್ಥಿತಿ ಎದುರಾಯಿತು. ಇದನ್ನು ಮೊದಲೇ ಊಹಿಸಿದ್ದ ಬಳಗವು 1.13ರ ಹಳೆಯ ಶೈಲಿಯಲ್ಲಿಯೇ ಮುದ್ರಿಸುವಂತೆ ಕೇಳಿಕೊಳ್ಳುವ ಒಂದು ಆಯ್ಕೆಯನ್ನೂ ಜೊತೆಯಲ್ಲಿ ಕೊಟ್ಟಿತು. ಹಾಗೆ ಕೊಟ್ಟದ್ದು ಜಾಣತನವೇ ಸರಿ. ಆದರೆ ಆ ಆಯ್ಕೆಯನ್ನು ಬಳಸಿಕೊಂಡು ಪರೀಕ್ಷೆಯನ್ನು ತೇರ್ಗಡೆ ಮಾಡಿಸಿದವರ ಪುಟಗಳಲ್ಲಿ ಓದುಗನು ತನ್ನ ಗಣಕದಲ್ಲಿ ಕಾಣದ ಹಳೆಯ ರೂಪವೇ ಉಳಿದುಕೊಂಡಿತು ಎಂಬುದನ್ನೂ ಗಮನಿಸಬೇಕು.

ಇದರ ಇನ್ನೂ ದೊಡ್ಡ ಆವೃತ್ತಿ 2024ರ ಜೂನ್‌ನಲ್ಲಿ ನಮ್‌ಪೈ 2.0 ಬಂದಾಗ ನಡೆಯಿತು. ಅಲ್ಲಿಯವರೆಗೆ ಒಂಟಿ ಸಂಖ್ಯೆಯೊಂದು ಉತ್ತರವಾಗಿ ಬಂದರೆ ಪರದೆಯ ಮೇಲೆ ಬರಿಯ 3.0 ಎಂದು ಕಾಣುತ್ತಿತ್ತು. ಅದು ಪೈಥಾನ್‌ನ ಸಾಮಾನ್ಯ ಸಂಖ್ಯೆಯೋ ನಮ್‌ಪೈಯ ವಿಶಿಷ್ಟ ಬಗೆಯ ಸಂಖ್ಯೆಯೋ ಎಂದು ತಿಳಿಯುವ ಉಪಾಯವಿರಲಿಲ್ಲ. 2.0ರಿಂದ ಮುಂದೆ ಸಂಖ್ಯೆಯ ಜೊತೆಗೆ ಅದರ ಬಗೆಯ ಹೆಸರೂ ಆವರಣ ಸಮೇತ ಮುದ್ರಿತವಾಗುತ್ತದೆ. ಬದಲಾವಣೆ ನ್ಯಾಯವಾದದ್ದೇ. ಆದರೆ ಒಂಟಿ ಸಂಖ್ಯೆಯನ್ನು ಉತ್ತರವಾಗಿ ತೋರಿಸುವ ಪ್ರತಿಯೊಂದು ಉದಾಹರಣೆಯೂ, ಯಾವ ಕೈಪಿಡಿಯಲ್ಲಿರಲಿ, ಯಾವ ಪಠ್ಯಪುಸ್ತಕದಲ್ಲಿರಲಿ, ಆ ದಿನವೇ ಹಳತಾಯಿತು. ಯಂತ್ರದಿಂದ ಪರೀಕ್ಷಿಸಲ್ಪಡುತ್ತಿದ್ದ ಪುಟಗಳು ಕೂಡಲೇ ತಮ್ಮ ದೋಷವನ್ನು ತಾವೇ ಸಾರಿದವು. ಅಚ್ಚಾದ ಪುಸ್ತಕಗಳಿಗೆ ಆ ಭಾಗ್ಯವಿಲ್ಲ.

ಅಕ್ಷರಶಃ ಹೋಲಿಕೆಯ ಈ ಅತಿರೇಕವನ್ನು ತಗ್ಗಿಸಲು ಸೈಪೈ ಬಳಗವು, ಉತ್ತರವನ್ನು ಸಂಖ್ಯೆಯೆಂದೇ ಓದಿ ಬೆಲೆಯನ್ನು ಹೋಲಿಸುವ ಸುಧಾರಿತ ಸಾಧನವೊಂದನ್ನು ರೂಪಿಸಿದೆ. ಹದಿನಾರನೆಯ ಅಂಕಿಯಲ್ಲಿ ಗಣಕದಿಂದ ಗಣಕಕ್ಕೆ ಆಗುವ ವ್ಯತ್ಯಾಸವನ್ನು ಅದು ದೋಷವೆಂದು ಎಣಿಸುವುದಿಲ್ಲ. ಯಾದೃಚ್ಛಿಕ ಸಂಖ್ಯೆಗಳ ಉದಾಹರಣೆಗಳ ಪಕ್ಕದಲ್ಲಿ ‘ಬದಲಾಗಬಹುದು’ ಎಂಬರ್ಥದ ಪುಟ್ಟ ಗುರುತು ಹಾಕಿದ್ದರೆ ಅವನ್ನು ಹೋಲಿಸದೆ ಬಿಡುತ್ತದೆ. ಈ ಗುರುತು ಓದುಗನಿಗೂ ಉಪಯುಕ್ತ: ತನ್ನ ಉತ್ತರ ಬೇರೆ ಬಂದರೆ ಗಾಬರಿಯಾಗಬೇಕಿಲ್ಲವೆಂದು ಅವನಿಗೆ ತಿಳಿಯುತ್ತದೆ.

ಯಂತ್ರಕ್ಕೆ ಕಾಣದ ಹಳತು

ಉದಾಹರಣೆಗಳು ಸರಿಯಿದ್ದ ಮಾತ್ರಕ್ಕೆ ಪುಟ ಸರಿಯಿದೆಯೆಂದು ಹೇಳುವಂತಿಲ್ಲ. ಉದಾಹರಣೆಯ ಸುತ್ತ ಇರುವ ಗದ್ಯವನ್ನು ಯಾವ ಸಾಧನವೂ ನಡೆಸಿ ನೋಡಲಾರದು. ಅಪಾಯ ಹೆಚ್ಚಾಗಿರುವುದೂ ಅಲ್ಲಿಯೇ.

ಪ್ರಯೋಗದ ಅಂಕಿಗಳಿಗೆ ಅತ್ಯಂತ ಸಮೀಪವಾಗಿ ಹೊಂದುವ ರೇಖೆಯನ್ನೋ ಸೂತ್ರವನ್ನೋ ಕಂಡುಹಿಡಿಯುವ ಕನಿಷ್ಠ ವರ್ಗ ವಿಧಾನ ವಿಜ್ಞಾನದ ಎಲ್ಲ ಶಾಖೆಗಳಲ್ಲಿಯೂ ಬಳಕೆಯಲ್ಲಿದೆ. ನಮ್‌ಪೈಯಲ್ಲಿ ಇದಕ್ಕಾಗಿ ಒಂದು ಫಂಕ್ಷನ್ ಇದೆ. ಅಂಕಿಗಳ ಕಂಬಸಾಲುಗಳು ಒಂದರ ಮೇಲೊಂದು ಅವಲಂಬಿಸಿದ್ದಾಗ ಕೆಲವು ಮೌಲ್ಯಗಳು ಸೊನ್ನೆಗೆ ತೀರ ಹತ್ತಿರ ಬರುತ್ತವೆ. ಎಷ್ಟು ಚಿಕ್ಕದಾದುದನ್ನು ಸೊನ್ನೆಯೆಂದೇ ಎಣಿಸಬೇಕು ಎಂಬ ಮಿತಿಯನ್ನು ಬಳಕೆದಾರನು ಹೇಳದಿದ್ದರೆ ಫಂಕ್ಷನ್ ತಾನೇ ಒಂದನ್ನು ಇಟ್ಟುಕೊಳ್ಳುತ್ತದೆ. ಹಿಂದೆ ಆ ಮಿತಿ ಗಣಕದ ನಿಖರತೆಗೆ ಸಮನಾಗಿತ್ತು. ಇದು ಸಾಲದೆಂದು ಕಂಡುಬಂದ ಮೇಲೆ, ನಿಖರತೆಯನ್ನು ಮಾತೃಕೆಯ ಅಡ್ಡಸಾಲು ಕಂಬಸಾಲುಗಳ ಪೈಕಿ ದೊಡ್ಡ ಸಂಖ್ಯೆಯಿಂದ ಗುಣಿಸಿದ ಬೆಲೆಯನ್ನು ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು. 1.14ರಿಂದಲೇ ಎಚ್ಚರಿಕೆ ಕೊಡುತ್ತ ಬಂದು 2.0ರಲ್ಲಿ ಅದನ್ನು ಜಾರಿಗೆ ತರಲಾಯಿತು. ಸಾಮಾನ್ಯ ಅಂಕಿಗಳಿಗೆ ಉತ್ತರದಲ್ಲಿ ವ್ಯತ್ಯಾಸವಾಗುವುದಿಲ್ಲ. ತೊಡಕಿನ ಅಂಕಿಗಳಿಗೆ ಮಾತ್ರ ಬೇರೆಯೇ ಉತ್ತರ ಬರಬಹುದು. ಪುಟದಲ್ಲಿರುವ ಉದಾಹರಣೆ ಸರಳವಾದುದರಿಂದ ಅದರ ಪರೀಕ್ಷೆ ಎರಡು ಆವೃತ್ತಿಗಳಲ್ಲಿಯೂ ತೇರ್ಗಡೆಯಾಗುತ್ತದೆ. ‘ಹೇಳದಿದ್ದರೆ ಇಷ್ಟು’ ಎಂಬ ಆ ಒಂದು ವಾಕ್ಯವನ್ನು ಮನುಷ್ಯನೇ ತಿದ್ದಬೇಕು. ನಮ್‌ಪೈಯ ಕೈಪಿಡಿ ಅದನ್ನು ತಿದ್ದಿತು. ಮೊದಲು ಯಾವ ಬೆಲೆ ಇತ್ತು, ಯಾವ ಆವೃತ್ತಿಯಿಂದ ಬದಲಾಯಿತು ಎಂಬುದನ್ನೂ ದಾಖಲಿಸಿತು. ಹಳೆಯ ಪ್ರಬಂಧವೊಂದರ ಫಲಿತಾಂಶವನ್ನು ಮರಳಿ ಪಡೆಯಲು ಹೊರಟ ಸಂಶೋಧಕನಿಗೆ ಈ ಒಂದು ಸಾಲು ಇಲ್ಲದಿದ್ದರೆ ವಾರಗಳು ವ್ಯರ್ಥವಾದಾವು.

ಇನ್ನೊಂದು ಉದಾಹರಣೆ ಪೂರ್ಣಾಂಕಗಳದು. 2.0ಕ್ಕೆ ಮುಂಚೆ ಲಿನಕ್ಸ್ ಇದ್ದ 64 ಬಿಟ್ ಗಣಕದಲ್ಲಿ ನಮ್‌ಪೈಯ ಸಹಜ ಪೂರ್ಣಾಂಕ 64 ಬಿಟ್‌ನದಾಗಿದ್ದರೆ, ವಿಂಡೋಸ್ ಇದ್ದ ಅಂಥದೇ ಗಣಕದಲ್ಲಿ 32 ಬಿಟ್‌ನದಾಗಿತ್ತು. 32 ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 214 ಕೋಟಿ ಚಿಲ್ಲರೆ. ಭಾರತದ ಜನಸಂಖ್ಯೆ ಅದರೊಳಗೆ ಕೂರುತ್ತದೆ. ಅದನ್ನು ಎರಡರಿಂದ ಗುಣಿಸಿದರೆ ಕೂರುವುದಿಲ್ಲ. ಸಂಖ್ಯಾಸಮೂಹದ ಲೆಕ್ಕದಲ್ಲಿ ಹೀಗೆ ಉಕ್ಕಿದಾಗ ಯಾವ ದೋಷಸೂಚನೆಯೂ ಇಲ್ಲದೆ ಋಣಸಂಖ್ಯೆಯೊಂದು ಉತ್ತರವಾಗಿ ಬರುತ್ತದೆ. ಆದ್ದರಿಂದ ಒಂದೇ ಪುಟ, ಒಂದೇ ಆವೃತ್ತಿ, ಆದರೂ ಒಂದು ಗಣಕದಲ್ಲಿ ಸತ್ಯ, ಇನ್ನೊಂದರಲ್ಲಿ ಸುಳ್ಳು. 2.0 ಈ ಭೇದವನ್ನು ಅಳಿಸಿ 64 ಬಿಟ್ ಗಣಕಗಳಲ್ಲೆಲ್ಲ 64 ಬಿಟ್ ಪೂರ್ಣಾಂಕವನ್ನೇ ಸಹಜವಾಗಿಸಿತು. ಅಂದಿನಿಂದ, ‘ವಿಂಡೋಸ್‌ನಲ್ಲಿ ಎಚ್ಚರ’ ಎಂದು ಕಾಳಜಿಯಿಂದ ಬರೆದಿಟ್ಟಿದ್ದ ಟಿಪ್ಪಣಿಗಳೇ ಹಳತಾದವು.

ಹೆಸರು ಹೋದಾಗ

ಹಳತಾದ ಬರಹ ಭಂಡಾರದ ಅಂಗಳದೊಳಗೆ ಮಾತ್ರ ಇರುವುದಿಲ್ಲ. ತರಗತಿಯ ಟಿಪ್ಪಣಿ, ಪಠ್ಯಪುಸ್ತಕ, ಪ್ರಯೋಗಶಾಲೆಯ ದಿನಚರಿ, ಹಳೆಯ ಪ್ರಶ್ನೆಪತ್ರಿಕೆ ಎಲ್ಲವೂ ಒಂದರ್ಥದಲ್ಲಿ ಕೈಪಿಡಿಗಳೇ. ಅವುಗಳ ಮೇಲೆ ಮೂಲ ಬಳಗಕ್ಕೆ ಯಾವ ಹಿಡಿತವೂ ಇಲ್ಲ. ನಮ್‌ಪೈಯಲ್ಲಿ ‘ಎನ್‌ಪಿ ಡಾಟ್ ಇಂಟ್’ ಎಂಬ ಹೆಸರೊಂದಿತ್ತು. ನೋಡಿದರೆ ನಮ್‌ಪೈಯ ಸ್ವಂತ ಪೂರ್ಣಾಂಕದಂತೆ ತೋರುತ್ತಿದ್ದ ಅದು ವಾಸ್ತವವಾಗಿ ಪೈಥಾನ್‌ನ ಸಾಮಾನ್ಯ ಪೂರ್ಣಾಂಕಕ್ಕೆ ಇಟ್ಟ ಅಡ್ಡಹೆಸರು. ಗೊಂದಲಕ್ಕೆ ಕಾರಣವಾಗುತ್ತಿದ್ದ ಈ ಬಗೆಯ ಹೆಸರುಗಳನ್ನು ಕೈಬಿಡುವ ಮುನ್ಸೂಚನೆ 2021ರ ಜನವರಿಯ 1.20 ಆವೃತ್ತಿಯಲ್ಲಿ ಬಂದಿತು. 2022ರ ಡಿಸೆಂಬರ್‌ನ 1.24ರಲ್ಲಿ ಅವುಗಳನ್ನು ತೆಗೆದುಹಾಕಲಾಯಿತು. ಮುನ್ಸೂಚನೆ ಕನಿಷ್ಠ ಎರಡು ಆವೃತ್ತಿಗಳ, ಅಂದರೆ ಸುಮಾರು ಒಂದು ವರ್ಷದ ಕಾಲ ಇರಬೇಕೆಂಬುದು ನಮ್‌ಪೈ ಬಳಗ ಬರೆದಿಟ್ಟುಕೊಂಡಿರುವ ನಿಯಮ. ಇಲ್ಲಿ ಅದಕ್ಕಿಂತ ಹೆಚ್ಚು ಕಾಲ ಕೊಡಲಾಗಿತ್ತು. ಆದರೂ 1.24 ಬಂದ ದಿನ ಅಸಂಖ್ಯ ಕಾರ್ಯಕ್ರಮಗಳು ನಿಂತವು. ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ ಎಂಬುದು ವಿದ್ಯುತ್ ಕಂಬದ ತಲೆಬುರುಡೆಯ ಚಿತ್ರದಷ್ಟೇ ಹಳೆಯ ಸತ್ಯ.

ಈ ಪ್ರಕರಣದಲ್ಲಿ ಬಳಗವು ಕೈಗೊಂಡ ಒಂದು ಕ್ರಮ ವಿಶೇಷವಾಗಿ ಉಲ್ಲೇಖಾರ್ಹ. ಹೆಸರನ್ನು ತೆಗೆದುಹಾಕಿದ ಮೇಲೆ ಅದನ್ನು ಬಳಸಿದವನಿಗೆ ‘ಅಂಥ ಹೆಸರಿಲ್ಲ’ ಎಂಬ ಒಣ ಉತ್ತರ ಕೊಟ್ಟು ಸುಮ್ಮನಾಗದೆ, ಅದು ಯಾವುದರ ಅಡ್ಡಹೆಸರಾಗಿತ್ತು, ಅದರ ಬದಲು ಏನನ್ನು ಬಳಸಬೇಕು ಎಂಬುದನ್ನು ದೋಷಸೂಚನೆಯಲ್ಲಿಯೇ ಬರೆದರು. ಪುಸ್ತಕ ಹಳೆಯದಾದರೇನು, ಅದನ್ನು ನೋಡಿ ಬರೆದ ಕಾರ್ಯಕ್ರಮ ನಡೆಯುವ ಹೊತ್ತಿಗೆ ಭಂಡಾರವೇ ಆ ಪುಸ್ತಕದ ತಿದ್ದುಪಡಿಯನ್ನು ಓದುಗನ ಕೈಗೆ ಕೊಡುತ್ತದೆ. 2.0ರಲ್ಲಿ ಮುಖ್ಯ ಹೆಸರುಪಟ್ಟಿಯಿಂದ ಸುಮಾರು 100 ಹೆಸರುಗಳನ್ನು ಕೈಬಿಟ್ಟಾಗ ಅಥವಾ ಬೇರೆಡೆಗೆ ಸಾಗಿಸಿದಾಗ ಇದೇ ವಿಚಾರವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಲಾಯಿತು. ಹಳೆಯ ಹೆಸರು, ಹೊಸ ಹೆಸರುಗಳ ಕೋಷ್ಟಕ ವಲಸೆ ಮಾರ್ಗದರ್ಶಿಯಲ್ಲಿ ಅಚ್ಚಾದುದರ ಜೊತೆಗೆ, ಅದೇ ಕೋಷ್ಟಕ ‘ರಫ್’ ಎಂಬ ತಪಾಸಣಾ ಸಾಧನದ ನಿಯಮವಾಗಿಯೂ ರೂಪುಗೊಂಡಿತು. ಅದನ್ನು ಓಡಿಸಿದರೆ ಬಳಕೆದಾರನ ಕಡತಗಳಲ್ಲಿರುವ ಹಳೆಯ ಹೆಸರುಗಳು ಸಿಗುತ್ತವೆ, ಬಹುಪಾಲು ತಾವಾಗಿಯೇ ಬದಲಾಗುತ್ತವೆ.

ಹಳೆಯ ಆವೃತ್ತಿಯ ಕೈಪಿಡಿಯನ್ನು ಅಳಿಸಿಬಿಡಬಾರದೇಕೆ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ. ಹಳೆಯ ಆವೃತ್ತಿಯನ್ನೇ ಬಳಸುತ್ತಿರುವ ಪ್ರಯೋಗಶಾಲೆಗಳಿರುತ್ತವೆ. ಅವರ ಪಾಲಿಗೆ ಹಳೆಯ ಪುಟವೇ ಸತ್ಯ. ಆದಕಾರಣ ಪ್ರತಿಯೊಂದು ಆವೃತ್ತಿಯ ಕೈಪಿಡಿಯನ್ನೂ ಪ್ರತ್ಯೇಕವಾಗಿ ಉಳಿಸಿಕೊಂಡು, ಪುಟದ ಮೇಲೆ ಆವೃತ್ತಿಯ ಸಂಖ್ಯೆಯನ್ನು ತೋರಿಸಿ, ಸದ್ಯದ ಸ್ಥಿರ ಆವೃತ್ತಿಗೆ ಬದಲಾಗದ ಒಂದು ವಿಳಾಸವನ್ನು ಇಟ್ಟಿರುತ್ತಾರೆ. ಶಾಸನಗಳಲ್ಲಿ ಕಾಲವನ್ನು ಕೆತ್ತುತ್ತಿದ್ದುದರ ಬೆಲೆ ತಿಳಿದವರಿಗೆ ಆವೃತ್ತಿಸಂಖ್ಯೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಬರಹ ಮತ್ತು ಸಂಕೇತಗಳ ನಡುವೆ ಭಿನ್ನತೆ ಕಂಡಾಗ ತಿದ್ದಬೇಕಾದದ್ದು ಯಾವುದನ್ನು ಎಂಬುದು ಮೇಲುನೋಟಕ್ಕೆ ಕಾಣುವಷ್ಟು ಸರಳವಾದ ಪ್ರಶ್ನೆಯಲ್ಲ. ಕೈಪಿಡಿಯನ್ನು ಒಪ್ಪಂದವೆಂದು ಭಾವಿಸಿದರೆ ಸಂಕೇತವೇ ತಪ್ಪು, ಅದನ್ನೇ ತಿದ್ದಬೇಕು. ಆದರೆ ಹತ್ತು ವರ್ಷದಿಂದ ಸಹಸ್ರಾರು ಮಂದಿ ಆ ‘ತಪ್ಪು’ ನಡವಳಿಕೆಯ ಮೇಲೆಯೇ ತಮ್ಮ ಕೆಲಸವನ್ನು ಕಟ್ಟಿಕೊಂಡಿರಬಹುದು. ಬಳಕೆದಾರರ ಸಂಖ್ಯೆ ಸಾಕಷ್ಟು ಬೆಳೆದಾಗ, ಒಪ್ಪಂದದಲ್ಲಿ ಏನೇ ಬರೆದಿರಲಿ, ಹೊರಗೆ ಕಾಣುವ ಪ್ರತಿಯೊಂದು ನಡವಳಿಕೆಯನ್ನೂ ಯಾರಾದರೊಬ್ಬರು ನೆಚ್ಚಿಕೊಂಡೇ ಇರುತ್ತಾರೆ ಎಂದು ಗೂಗಲ್‌ನಲ್ಲಿದ್ದ ಹೈರಮ್ ರೈಟ್ ಅವರು ಗಮನಿಸಿದ್ದುಂಟು. ಅವರ ಹೆಸರಿನಿಂದಲೇ ಅದೊಂದು ನಿಯಮವಾಗಿ ಪ್ರಚಾರದಲ್ಲಿದೆ. ಬರಹವನ್ನು ಸದ್ದಿಲ್ಲದೆ ಸಂಕೇತಕ್ಕೆ ಹೊಂದಿಸಿಬಿಡುವುದು ಎಲ್ಲಕ್ಕಿಂತ ಸುಲಭ. ಹಾಗೆ ಮಾಡಿದಾಗ ಒಂದು ದೋಷ ಲಕ್ಷಣವಾಗಿ ಬಡ್ತಿ ಪಡೆಯುತ್ತದೆ. ಕೈಪಿಡಿಯನ್ನು ತಿದ್ದುವ ಕೆಲಸವನ್ನು ಹೊಸಬರಿಗೆ ಕೊಡುವ ಕಿರಿಯ ಕೆಲಸವೆಂದು ಭಾವಿಸುವವರು ಈ ತೊಡಕನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ನಾಲ್ಕು ಬಗೆಯ ಓದುಗರು, ಕೆಲವೇ ಮಂದಿ ಬರೆಯುವವರು

2020ರಲ್ಲಿ ನಮ್‌ಪೈ ಬಳಗವು ತನ್ನ ಕೈಪಿಡಿಯ ಪುನರ್ರಚನೆಗಾಗಿ ಒಂದು ಪ್ರಸ್ತಾವವನ್ನು ಸ್ವೀಕರಿಸಿತು. ಡ್ಯಾನಿಯೆಲೆ ಪ್ರೊಚಿಡಾ ಅವರು ಪ್ರಚುರಪಡಿಸಿದ ವಿಂಗಡಣೆಯನ್ನು ಅನುಸರಿಸಿ, ಕಲಿಯುವವನಿಗೆ ಪಾಠ, ಕೆಲಸವಿರುವವನಿಗೆ ವಿಧಾನ, ತಿಳಿದವನಿಗೆ ಪರಾಮರ್ಶನ, ವಿಚಾರ ಮಾಡುವವನಿಗೆ ವಿವರಣೆ ಎಂದು ಬರಹವನ್ನು ಬೇರ್ಪಡಿಸುವುದು ಅದರ ತಿರುಳು. ಹಳತಾಗುವ ದೃಷ್ಟಿಯಿಂದ ನೋಡಿದರೆ ಈ ನಾಲ್ಕರ ಆಯುಸ್ಸು ಒಂದೇ ತೆರನಲ್ಲ. ಪರಾಮರ್ಶನದ ಪುಟಗಳು ಎಲ್ಲಕ್ಕಿಂತ ಬೇಗ ಹಳತಾಗುತ್ತವೆ, ಆದರೆ ಅವು ಸಂಕೇತದ ಪಕ್ಕದಲ್ಲಿರುವುದರಿಂದ ಬೇಗ ಪತ್ತೆಯೂ ಆಗುತ್ತವೆ. ವಿವರಣೆಯ ಪುಟಗಳು ದೀರ್ಘಾಯುಗಳು. ಪಾಠಗಳದ್ದೇ ಕಷ್ಟ. ಅವುಗಳಲ್ಲಿರುವ ಸಂಕೇತ ಇಂದಿಗೂ ನಡೆಯುತ್ತದೆ. ಆದರೆ ಅದು ಇಂದು ಯಾರೂ ಶಿಫಾರಸು ಮಾಡದ ದಾರಿಯಾಗಿರುತ್ತದೆ. ಯಾದೃಚ್ಛಿಕ ಸಂಖ್ಯೆಗಳಿಗಾಗಿ 2019ರ ಜುಲೈನಲ್ಲಿ 1.17 ಆವೃತ್ತಿ ಹೊಸ ವ್ಯವಸ್ಥೆಯೊಂದನ್ನು ತಂದರೂ ಹಳೆಯದನ್ನು ತೆಗೆಯಲಿಲ್ಲ. ಹಳೆಯ ಫಲಿತಾಂಶಗಳನ್ನು ಮರಳಿ ಪಡೆಯಬೇಕಾದವರಿಗೆ ಅದು ಬೇಕೇ ಬೇಕು. ಹೀಗಾಗಿ ಹಳೆಯ ಪಾಠವನ್ನು ಓದಿದ ವಿದ್ಯಾರ್ಥಿಗೆ ಯಾವ ದೋಷಸೂಚನೆಯೂ ಬರುವುದಿಲ್ಲ, ಹೊಸ ದಾರಿಯಿದೆ ಎಂಬುದೂ ತಿಳಿಯುವುದಿಲ್ಲ.

ಇಂಥ ಪಾಠಗಳನ್ನು ಆಗಾಗ ಕುಳಿತು ಓದಿ ನೋಡುವವರು ಯಾರು? ದಶಕಕ್ಕೂ ಮೀರಿ ನಮ್‌ಪೈ ಬಹುಮಟ್ಟಿಗೆ ಸ್ವಯಂಸೇವಕರ ಬಿಡುವಿನ ವೇಳೆಯಲ್ಲಿಯೇ ಬೆಳೆಯಿತು. 2017ರಲ್ಲಿ ಮೂರ್ ಮತ್ತು ಸ್ಲೋನ್ ಪ್ರತಿಷ್ಠಾನಗಳ ನೆರವು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ದೊರೆತ ಮೇಲೆ ಸಂಬಳ ಪಡೆದು ಕೆಲಸ ಮಾಡುವ ಕೆಲವರು ಸಿಕ್ಕರು. 2019ರಲ್ಲಿ ಗೂಗಲ್ ಆರಂಭಿಸಿದ ‘ಸೀಸನ್ ಆಫ್ ಡಾಕ್ಸ್’ ಎಂಬ ಯೋಜನೆಯು ತಾಂತ್ರಿಕ ಲೇಖಕರನ್ನು ಮುಕ್ತ ತಂತ್ರಾಂಶ ಬಳಗಗಳೊಂದಿಗೆ ಜೋಡಿಸಿತು. ನಮ್‌ಪೈಯ ಆರಂಭಿಕ ಪಾಠ ಆ ಸಂದರ್ಭದಲ್ಲಿ ಸಿದ್ಧವಾಯಿತು. ಹೊಸ ಪುಟ ಬರೆಯಲು ಧನಸಹಾಯ ದೊರೆಯುವುದುಂಟು. ಇರುವ ಪುಟ ಇನ್ನೂ ಸರಿಯಿದೆಯೇ ಎಂದು ನೋಡಲು ದೊರೆಯುವುದು ಅಪರೂಪ. ಕೆರೆ ಕಟ್ಟಿಸಿದವನ ಹೆಸರು ಶಾಸನದಲ್ಲಿ ಸಿಗುತ್ತದೆ, ವರ್ಷ ವರ್ಷ ಹೂಳೆತ್ತಿದವರದು ಸಿಗುವುದು ವಿರಳ.

ಅನುವಾದದ ಮಾತು ಬಂದಾಗ ಈ ಸಮಸ್ಯೆ ಇಮ್ಮಡಿಯಾಗುತ್ತದೆ. ಪೈಥಾನ್ ಭಾಷೆಯ ಕೈಪಿಡಿಯನ್ನು ಅನ್ಯಭಾಷೆಗಳಲ್ಲಿ ಅಧಿಕೃತವಾಗಿ ಪ್ರಕಟಿಸುವ ಕ್ರಮವನ್ನು 2017ರಲ್ಲಿ ಗೊತ್ತುಪಡಿಸಲಾಯಿತು. ಫ್ರೆಂಚ್, ಜಪಾನಿ, ಕೊರಿಯನ್ ಮೊದಲಾದ ಭಾಷೆಗಳಲ್ಲಿ ಅದು ದೊರೆಯುತ್ತದೆ. ಅಲ್ಲಿ ಬಳಕೆಯಾಗುವುದು ‘ಗೆಟ್‌ಟೆಕ್ಸ್ಟ್’ ಎಂಬ ಪದ್ಧತಿ. ಮೂಲದ ಪ್ರತಿಯೊಂದು ಖಂಡಿಕೆಯ ಎದುರಿಗೆ ಅದರ ಅನುವಾದವನ್ನು ಇಟ್ಟಿರಲಾಗುತ್ತದೆ. ಮೂಲದಲ್ಲಿ ಒಂದು ಪದ ಬದಲಾದರೂ ಆ ಖಂಡಿಕೆಯ ಅನುವಾದಕ್ಕೆ ‘ಫಝಿ’ ಎಂಬ ಗುರುತು ಬೀಳುತ್ತದೆ: ಇದು ಸರಿಯಿರಬಹುದು, ಇಲ್ಲದಿರಲೂಬಹುದು, ಯಾರಾದರೂ ನೋಡಿ ಎಂದು ಅದರ ತಾತ್ಪರ್ಯ. ಗ್ನೋಮ್, ಕೆಡಿಇಗಳನ್ನು ಕನ್ನಡಕ್ಕೆ ತರಲು ದುಡಿದ ಸ್ವಯಂಸೇವಕರಿಗೆ ಈ ಗುರುತು ಚಿರಪರಿಚಿತ. ಅನುವಾದದ ಸಾಲುಗಳು ಮುಗಿದವೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ಹೊಸ ಆವೃತ್ತಿ ಬಂದು ಫಝಿಗಳ ಇನ್ನೊಂದು ರಾಶಿ ಎದುರಿಗೆ ಬೀಳುತ್ತದೆ. ನೋಡುವವರಿಲ್ಲದಿದ್ದಾಗ, ಫಝಿ ಎಂದು ಗುರುತಾದ ಅನುವಾದವನ್ನು ಪದ್ಧತಿಯು ಸಾಮಾನ್ಯವಾಗಿ ತೋರಿಸುವುದೇ ಇಲ್ಲ. ಅದರ ಸ್ಥಾನದಲ್ಲಿ ಮೂಲದ ಇಂಗ್ಲಿಷ್ ವಾಕ್ಯವೇ ಕಾಣಿಸಿಕೊಳ್ಳುತ್ತದೆ. ಸಂಶಯವಿರುವ ಕನ್ನಡಕ್ಕಿಂತ ಖಚಿತವಾದ ಇಂಗ್ಲಿಷ್ ಮೇಲೆಂಬುದು ಆ ಪದ್ಧತಿಯ ತೀರ್ಮಾನ. ಕನ್ನಡದ ಮೆನುವೊಂದರ ನಡುವೆ ಹಠಾತ್ತನೆ ಎರಡು ಇಂಗ್ಲಿಷ್ ಸಾಲುಗಳನ್ನು ಕಂಡ ಬಳಕೆದಾರನು ಅನುವಾದ ಅರ್ಧಕ್ಕೆ ನಿಂತಿದೆಯೆಂದು ಭಾವಿಸುವುದುಂಟು. ಆದರೆ ಹಲವು ಸಲ ಆ ಸಾಲುಗಳ ಅನುವಾದ ಒಮ್ಮೆ ಪೂರ್ತಿಯಾಗಿಯೇ ಆಗಿದ್ದು, ಮೂಲ ಬದಲಾದ ಕಾರಣ ಪರಿಶೀಲಕರೊಬ್ಬರ ಒಪ್ಪಿಗೆಗಾಗಿ ಕಡತದಲ್ಲಿ ಕಾಯುತ್ತಿರುತ್ತದೆ.